ಬಿಸಿಲ ಸೀಮೆಯ ವೇಗದ ಪೆಟ್ಟಿಗೆಗಳು

ಫೆಬ್ರುವರಿ ಕಳೆದು ಮಾರ್ಚ್ ಹಿಡಿಯಿತೆಂದರೆ ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗ, ಕೊಹಳ್ಳಿ ಸುತ್ತಿನ ದ್ರಾಕ್ಷಿ ಶೆಡ್ಡುಗಳು ತುಂಬಿಕೊಳ್ಳುತ್ತವೆ. ಪೊಟ್ಯಾಸಿಯಂ ಕಾರ್ಬೋನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದ ದ್ರಾಕ್ಷಿಯನ್ನು ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಬಿಸಿ ಒಣಗಾಳಿ ಆಡಿದಷ್ಟೂ ಮಣೂಕ, ಅಂದರೆ ಒಣದ್ರಾಕ್ಷಿ, ಚೆನ್ನಾಗಿ ಇಳಿಯುತ್ತದೆ. ಒಣದ್ರಾಕ್ಷಿಗೆ ವರವಾದ ಈ ಹವೆ, ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿಲು, ಹೊಲದ ರಸ್ತೆಯ ಧೂಳು, ಇದೇ ಊರುಗಳಲ್ಲಿ ಬೇರೂರುತ್ತಿರುವ ಇನ್ನೊಂದು ಕಸುಬಿಗೆ ದೊಡ್ಡ ಪರೀಕ್ಷೆ ಒಡ್ಡುತ್ತದೆ.

ಆ ಕಸುಬು, ಬಿಡಿಭಾಗಗಳನ್ನು ಆರಿಸಿ ತಂದು ಭಾರಿ ಕೆಲಸಕ್ಕೆ ಒದಗುವ ಕಂಪ್ಯೂಟರ್ ಕಟ್ಟುವುದು. ಅಂಗಡಿಯಲ್ಲೂ ಮನೆಯಲ್ಲೂ ಅದಕ್ಕೆ ‘ಅಸೆಂಬಲ್ಡ್’ ಎಂದೇ ಹೆಸರು. ಮದುವೆಯ ದಿನಗಳಲ್ಲಿ ಫೋಟೊ ಸ್ಟುಡಿಯೊದವರು ಗಂಟೆಗಟ್ಟಲೆ 4ಕೆ ವಿಡಿಯೊ ಎಡಿಟ್ ಮಾಡಿ ಹೇಳಿದ ದಿನಕ್ಕೆ ಕೊಡಬೇಕು. ಜಾನಪದ ಹಾಡುಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವ ತಂಡಗಳಿಗೆ ರೆಂಡರ್ ಬೇಗ ಮುಗಿದಷ್ಟೂ ಲಾಭ. ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಕ್ಯಾಡ್ ಬೇಕು, ಸಂಜೆಗೆ ಆಟವೂ ಬೇಕು. ಲ್ಯಾಪ್‌ಟಾಪು ಇಷ್ಟೆಲ್ಲವನ್ನು ಹೊತ್ತುಕೊಂಡು ಬಹಳ ಹೊತ್ತು ಓಡಲಾರದು. ಹಾಗಾಗಿ ಸಾಂಗ್ಲಿ, ಕೊಲ್ಹಾಪುರ, ವಿಜಯಪುರ, ಬೆಳಗಾವಿಯ ಅಂಗಡಿಗಳಿಂದಲೋ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಡಬ್ಬಿಗಳು ಬಂದಿಳಿಯುತ್ತವೆ.

ಬೆಂಗಳೂರು ಪೇಟೆಯೊಳಗೆ, ಪುರಭವನದಿಂದ ನಡೆದು ಮುಟ್ಟುವಷ್ಟು ದೂರದಲ್ಲಿರುವ ಸಾದರ ಪತ್ರಪ್ಪ ರಸ್ತೆಯನ್ನು ನೋಡದೆ ಕರ್ನಾಟಕದಲ್ಲಿ ಈ ವಿದ್ಯೆ ಕಲಿತವರು ಕಡಿಮೆ. ಕಿರಿದಾದ ಬೀದಿ, ನೆಲಮಹಡಿಯಲ್ಲೊಂದು ಅಂಗಡಿ, ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲೆ ಇನ್ನೆರಡು. ಬೇಕಾದ ಭಾಗಗಳ ಪಟ್ಟಿಯನ್ನು ಹೇಳಿದರೆ ಚೀಟಿಯ ಮೇಲೆ ದರ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದು ನಾಲ್ಕು ಅಂಗಡಿ ಸುತ್ತಿದವನಿಗೆ ಮಾರುಕಟ್ಟೆಯ ನಾಡಿ ಸಿಗುತ್ತದೆ. ಜಿಎಸ್‌ಟಿ ಬಿಲ್ಲು ಬೇಡವೆಂದರೆ ಸ್ವಲ್ಪ ಅಗ್ಗವಾದೀತು, ಆದರೆ ವಾರಂಟಿಯ ಹೊತ್ತಿನಲ್ಲಿ ಕೈಗೆ ಬರುವುದು ಆ ಬಿಲ್ಲೇ. ಅಥಣಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು ಭಾನುವಾರ ಇಲ್ಲಿ ಬಹುತೇಕ ಬಾಗಿಲು ಮುಚ್ಚಿರುತ್ತದೆಂಬುದನ್ನು ಮೊದಲೇ ತಿಳಿದಿರಬೇಕು.

ಇಂಥ ಬೀದಿಗಳು ಬೆಳೆಯಲು ಒಂದು ಕಾರಣ ಜಿನೀವಾದಲ್ಲಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಅದರಂತೆ ಕಂಪ್ಯೂಟರ್ ಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆ ಮುಟ್ಟಿತು. ಮದರ್‌ಬೋರ್ಡು, ಪ್ರೊಸೆಸರುಗಳು ತಾಲ್ಲೂಕು ಕೇಂದ್ರದ ಅಂಗಡಿಯ ಗಾಜಿನ ಕಪಾಟಿನವರೆಗೂ ಬಂದದ್ದು ಆ ಮೇಲೆ.

ಹೆಚ್ಚಿನ ವೇಗದ ಯಂತ್ರವನ್ನು ತಾವೇ ಕಟ್ಟುವ ಛಲಕ್ಕೆ ಈ ರಾಜ್ಯದಲ್ಲಿ ಅದಕ್ಕಿಂತ ಹಳೆಯ ಚರಿತ್ರೆಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಓಡಿತು. ಅದು ಭಾರತದ ಮೊದಲ ಸಮಾಂತರ ಕಂಪ್ಯೂಟರ್. ಆಗ ಪೇಟೆಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಪ್ರೊಸೆಸರು, ಅದರ ಜೊತೆಗಾರ 8087 ಗಣಿತ ಚಿಪ್ಪುಗಳನ್ನೇ ಒಟ್ಟಿಗೆ ದುಡಿಸಿ, ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಗಳನ್ನು ಬಿಡಿಸಲು ಅದನ್ನು ಕಟ್ಟಿದ್ದರು. ಇಪ್ಪತ್ತೆರಡು ವರ್ಷಗಳ ಬಳಿಕ, 2008ರ ಸೆಪ್ಟೆಂಬರಿನಲ್ಲಿ, ಇಂಟೆಲ್ಲಿನ ಆರು ಕೋರುಗಳ ಸರ್ವರ್ ಪ್ರೊಸೆಸರ್ ‘ಡನ್ನಿಂಗ್ಟನ್’ ಹೊರಬಂದಾಗ ಅದರ 190 ಕೋಟಿ ಟ್ರಾನ್ಸಿಸ್ಟರುಗಳ ವಿನ್ಯಾಸ ನಡೆದದ್ದು ಬೆಂಗಳೂರಿನ ತಂಡದ ಕೈಯಲ್ಲಿ. ಎಎಂಡಿ 2023ರ ನವೆಂಬರಿನಲ್ಲಿ ಇದೇ ಊರಿನಲ್ಲಿ ‘ಟೆಕ್ನೊಸ್ಟಾರ್’ ಎಂಬ ವಿನ್ಯಾಸ ಕೇಂದ್ರ ತೆರೆದಿದೆ. ಐಗಳಿಯ ಮೇಜಿನ ಮೇಲೆ ಬಂದು ಕೂರುವ ಚಿಪ್ಪುಗಳನ್ನು ಮಾರುವ ಎರಡೂ ಕಂಪನಿಗಳಿಗೆ ಈ ನೆಲದ ಕೈಚಳಕದ ಋಣವಿದೆ ಎನ್ನುವುದನ್ನು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕು.

ಇನ್ನು ಓವರ್‌ಕ್ಲಾಕಿಂಗ್. ಪ್ರೊಸೆಸರು ನಡೆಯುವುದು ಒಂದು ಬಡಿತದ ಮೇಲೆ. ಮದರ್‌ಬೋರ್ಡು ಕೊಡುವ ಮೂಲ ಬಡಿತ 100 ಮೆಗಾಹರ್ಟ್ಸ್. ಪ್ರೊಸೆಸರು ಅದನ್ನು 50ರಿಂದ ಗುಣಿಸಿಕೊಂಡರೆ 5 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕೋಟಿ ಬಡಿತ. ಕಂಪನಿ ಗೊತ್ತುಮಾಡಿದ ಮಿತಿಯನ್ನು ದಾಟಿಸಿ ಈ ಬಡಿತ ಏರಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಈ ಹುಚ್ಚನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದರ ಗುಣಕ 4.5ಕ್ಕೆ ಬಿಗಿದಿತ್ತು, ಬೋರ್ಡಿನ ಮೂಲ ಬಡಿತವನ್ನು 66ರಿಂದ 100ಕ್ಕೆ ಏರಿಸಿದರೆ ಸಾಕು, 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್ಪು 450ರಲ್ಲಿ ಓಡುತ್ತಿತ್ತು. ಈಗ ಆ ಸಲೀಸು ಇಲ್ಲ. ಇಂಟೆಲ್‌ನಲ್ಲಿ ಗುಣಕ ಬಿಚ್ಚಿರುವುದು ಹೆಸರಿನ ಕೊನೆಗೆ ‘ಕೆ’ ಇರುವಂಥ ಚಿಪ್ಪುಗಳಲ್ಲಿ, ಅದನ್ನು ತಿರುಗಿಸಲು ಬಿಡುವುದು ‘ಝಡ್’ ಸರಣಿಯ ಬೋರ್ಡು. ಕೆ ಚಿಪ್ಪಿಗೆ ದುಡ್ಡು ಸುರಿದು, ಬೋರ್ಡಿನಲ್ಲಿ ಉಳಿಸಲು ಹೋಗಿ ‘ಎಚ್’ ಸರಣಿಯದನ್ನು ತಂದವರು ಬಿಚ್ಚಿದ ಗುಣಕದ ಪ್ರಯೋಜನವನ್ನೇ ಕಳೆದುಕೊಳ್ಳುತ್ತಾರೆ.

ಒಂದೇ ಬಳ್ಳಿಯ ಗೊಂಚಲುಗಳ ಸಿಹಿ ಒಂದೇ ಸಮ ಇರದ ಹಾಗೆ, ಒಂದೇ ಸಿಲಿಕಾನ್ ವೇಫರಿನಿಂದ ಕತ್ತರಿಸಿದ ಚಿಪ್ಪುಗಳ ತಾಳಿಕೆಯೂ ಬೇರೆ ಬೇರೆ. ಗೆಳೆಯನ ಯಂತ್ರದ ಸೆಟ್ಟಿಂಗನ್ನು ತನ್ನದಕ್ಕೆ ಹಾಗೇ ಇಳಿಸಿಕೊಂಡರೆ ಅದು ನಿಲ್ಲುತ್ತದೆಂಬ ಭರವಸೆಯಿಲ್ಲ.

ಬೆಲೆ ತೆರಬೇಕಾಗಿ ಬರುವುದು ಬಿಸಿಯ ರೂಪದಲ್ಲಿ. ಚಿಪ್ಪು ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ಬಡಿತದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಲು ವೋಲ್ಟೇಜನ್ನೂ ಹತ್ತು ಹೆಚ್ಚಿಸಬೇಕಾಯಿತು ಅನ್ನಿ. ಬಿಸಿ ನೂರಕ್ಕೆ ಮೂವತ್ತಮೂರು ಏರಿರುತ್ತದೆ. ಇಲ್ಲಿಯೇ ಐಗಳಿಯ ಬಿಸಿಲು ಲೆಕ್ಕದೊಳಗೆ ಬರುವುದು. ಕೂಲರ್ ಎಷ್ಟೇ ದುಬಾರಿಯದಿರಲಿ, ಗಾಳಿಯದಿರಲಿ ನೀರಿನದಿರಲಿ, ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 85 ಡಿಗ್ರಿಗೆ ನಿಂತ ಪ್ರೊಸೆಸರು, ಅದೇ ಕೂಲರು, ಅದೇ ಕೆಲಸಕ್ಕೆ ಇಲ್ಲಿಯ 40 ಡಿಗ್ರಿಯ ಕೋಣೆಯಲ್ಲಿ 100ರ ಹತ್ತಿರ ಹೋಗುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಚಿಪ್ಪುಗಳಿಗೆ 100 ಡಿಗ್ರಿ, ಎಎಂಡಿಯ ರೈಝನ್ 7000 ಸರಣಿಯ ಹೆಚ್ಚಿನವಕ್ಕೆ 95 ಡಿಗ್ರಿ ಕೊನೆಯ ಗಡಿ. ಅದನ್ನು ಮುಟ್ಟಿದೊಡನೆ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಏರಿಸಿದ್ದೆಲ್ಲ ಬೇಸಿಗೆಯ ಮಧ್ಯಾಹ್ನ ಕರಗಿಹೋಗುತ್ತದೆ.

ಹೀಗಾಗಿ ಈ ಸೀಮೆಯಲ್ಲಿ ನುರಿತ ಕೈ ಯಾವುದೆಂದು ಗುರುತಿಸುವುದು ಅದು ವೋಲ್ಟೇಜನ್ನು ಎಷ್ಟು ಇಳಿಸಬಲ್ಲದು ಎಂಬುದರಿಂದ. ಕಂಪನಿಗಳು ಎಲ್ಲ ಚಿಪ್ಪುಗಳೂ ನಿಲ್ಲಲೆಂದು ವೋಲ್ಟೇಜನ್ನು ಸ್ವಲ್ಪ ಹೆಚ್ಚೇ ಇಟ್ಟಿರುತ್ತವೆ. ಎಎಂಡಿ ಬೋರ್ಡುಗಳ ಬಯಾಸಿನಲ್ಲಿ, ಅಂದರೆ ಬೋರ್ಡಿನ ಮೂಲ ತಂತ್ರಾಂಶದಲ್ಲಿ ಇರುವ ‘ಕರ್ವ್ ಆಪ್ಟಿಮೈಸರ್’ನಿಂದ ಪ್ರತಿ ಕೋರಿಗೂ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಬಹುದು. ತಂಪಾದ ಚಿಪ್ಪು ತನ್ನ ಮೇಲಿನ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ವೋಲ್ಟೇಜು ಇಳಿಸಿ ವೇಗ ಪಡೆದ ಹಾಗಾಯಿತು. ಹದಿನಾರು ಕೋರುಗಳ ರೈಝನ್ 9 7950ಎಕ್ಸ್ ಮೂಲ ಸೆಟ್ಟಿಂಗಿನಲ್ಲಿ 230 ವ್ಯಾಟ್‌ವರೆಗೆ ಎಳೆಯಬಲ್ಲದು. ‘ಇಕೊ ಮೋಡ್’ನಲ್ಲಿ ಅದನ್ನು 142 ವ್ಯಾಟಿಗೆ ಕಟ್ಟಿಹಾಕಿದರೂ ವಿಡಿಯೊ ಕೆಲಸದಲ್ಲಿ ಆಗುವ ನಷ್ಟ ಅಲ್ಪ. ಮೇ ತಿಂಗಳ ಐಗಳಿಯಲ್ಲಿ ಇದಕ್ಕಿಂತ ಒಳ್ಳೆಯ ಸೆಟ್ಟಿಂಗ್ ಇನ್ನೊಂದಿಲ್ಲ.

ವೋಲ್ಟೇಜಿನ ವಿಷಯದಲ್ಲಿ ಕಂಪನಿಯನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ 2024 ಸಾಕ್ಷಿ ಒದಗಿಸಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ ಕುಸಿಯತೊಡಗಿದವು. ಚಿಪ್ಪಿನೊಳಗಿನ ಮೈಕ್ರೋಕೋಡು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳುತ್ತಿತ್ತೆಂದು ಜುಲೈನಲ್ಲಿ ಕಂಪನಿ ಒಪ್ಪಿತು, ಆಗಸ್ಟಿನಲ್ಲಿ 0ಎಕ್ಸ್129 ಎಂಬ ತಿದ್ದುಪಡಿ ಬಿಟ್ಟಿತು, ಡಬ್ಬಿಯಲ್ಲಿ ಮಾರಿದ ಚಿಪ್ಪುಗಳ ವಾರಂಟಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಈಗಾಗಲೇ ಪೆಟ್ಟು ತಿಂದ ಚಿಪ್ಪನ್ನು ಆ ತಿದ್ದುಪಡಿ ಸರಿಮಾಡದು. ಸೆಕೆಂಡ್ ಹ್ಯಾಂಡಿನಲ್ಲಿ ಈ ತಲೆಮಾರಿನ ಐ9, ಐ7 ಕೊಳ್ಳುವವರು ಬಿಲ್ಲಿನ ತಾರೀಖು ನೋಡಲೇಬೇಕು.

ಕಟ್ಟುವ ಕೆಲಸ ಮಾತ್ರ ಹೊರಗಿನವರು ಅಂದುಕೊಂಡಷ್ಟು ಕಠಿಣವಲ್ಲ, ತಾಳ್ಮೆ ಬೇಡುವಂಥದ್ದು. ರೈಝನ್ 7000 ಕೂರುವ ಎಎಂ5 ಸಾಕೆಟ್ಟಿನಲ್ಲಿ 1718 ಸಂಪರ್ಕಗಳಿವೆ, ಒಂದು ಬಾಗಿದರೂ ಬೋರ್ಡು ಕೈಕೊಡಬಹುದು. ಆದ್ದರಿಂದ ಪ್ರೊಸೆಸರನ್ನು ಒತ್ತದೆ ಇಡಬೇಕು. ರ‍್ಯಾಮ್ ಎರಡೇ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ. ಎಡಿಟಿಂಗ್ ಮಾಡುವವರು ಹೆಚ್ಚು ರ‍್ಯಾಮ್ ಬೇಕೆಂದು ನಾಲ್ಕೂ ಸ್ಲಾಟು ತುಂಬಿಸಿದರೆ ರೈಝನ್ 7000ದಲ್ಲಿ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ದೊಡ್ಡ ಅಳತೆಯ ಎರಡು ಕೊಳ್ಳುವುದೇ ಲೇಸು. 6000 ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಬಯಾಸಿನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ಸಿದ್ಧ ಸೆಟ್ಟಿಂಗನ್ನು ಆನ್ ಮಾಡುವವರೆಗೆ ಆ ವೇಗ ಬರುವುದಿಲ್ಲ, ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಆಫ್ ಆಗಿಯೇ ಇರುತ್ತದೆ. ಹೊಸಬರ ಎದೆ ಹಾರಿಸುವ ಗಳಿಗೆ ಮೊದಲ ಸಲ ಸ್ವಿಚ್ ಒತ್ತಿದಾಗಿನದು. ಫ್ಯಾನು ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಡಿಡಿಆರ್5 ರ‍್ಯಾಮನ್ನು ಬೋರ್ಡು ಮೊದಲ ಬಾರಿ ಪಳಗಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಕೆಟ್ಟಿತೆಂದು ತಿಳಿದು ನಡುವೆ ಕರೆಂಟು ತೆಗೆಯಬಾರದು.

ಹೆಸ್ಕಾಂ ಲೈನಿನ ಏರಿಳಿತ ಬಲ್ಲವರು ಯುಪಿಎಸ್‌ನಲ್ಲಿ, ಯಂತ್ರದೊಳಗೆ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್‌ನಲ್ಲಿ ಕಂಜೂಸಿ ಮಾಡುವುದಿಲ್ಲ. ಕಚೇರಿಗಳಲ್ಲಿ ಕಾಣುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಕೋರ್ ಐ9 14900ಕೆಯ ಮೇಲ್ಮಿತಿ 253 ವ್ಯಾಟ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡಿನದು 200. ಎರಡೂ ಪೂರ್ತಿ ದುಡಿಯುವಾಗ ಆ ಯುಪಿಎಸ್ ಹೊರಲಾರದು, ಕರೆಂಟು ಹೋದ ಕ್ಷಣವೇ ರೆಂಡರೂ ಹೋಯಿತು. ಜೊತೆಗೆ, ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಶುದ್ಧ ಸೈನ್ ವೇವ್ ಕೊಡದ ಯುಪಿಎಸ್ ಜೊತೆ ಕೆಲವೊಮ್ಮೆ ಒಗ್ಗದೆ ಆಫ್ ಆಗಿಬಿಡುತ್ತವೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಮನೆಯಲ್ಲಿ ಮೊದಲು ಅರ್ಥಿಂಗ್ ಸರಿಮಾಡಿಸಬೇಕು, ಮಿಕ್ಕದ್ದು ಆಮೇಲೆ.

ಐಗಳಿ ಸುತ್ತಿನವರು ಮಾತ್ರ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಬಣ್ಣ ನಿಲ್ಲಲೆಂದು ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ರೂಢಿಯುಂಟು. ಗಂಧಕದ ಅನಿಲ ತೇವದ ಜೊತೆ ಸೇರಿ ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ. ಬೋರ್ಡಿನ ತುಂಬ ಇರುವುದು ತಾಮ್ರದ ಗೆರೆಗಳೇ. ದೊಡ್ಡ ಡೇಟಾ ಕೇಂದ್ರಗಳು ಇದನ್ನು ಅಳೆಯಲು ತಾಮ್ರದ ಪಟ್ಟಿಯನ್ನು ಗಾಳಿಗೆ ಒಡ್ಡಿಡುತ್ತವೆ. ಐಎಸ್‌ಎ 71.04 ಮಾನದಂಡದಂತೆ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಪದರ ಕಟ್ಟಿದರೆ ಮಾತ್ರ ಆ ಗಾಳಿ ಸೌಮ್ಯ. ಶೆಡ್ಡಿನ ಲೆಕ್ಕ ಬರೆಯುವ ಕಂಪ್ಯೂಟರೇ ಆಗಲಿ, ಹೊಗೆ ಹಾಕುವ ಕೋಣೆಯ ಪಕ್ಕ ಇಡಬಾರದು. ಧೂಳಿಗೆ ಉಪಾಯ ಸುಲಭ: ಒಳಗೆ ಗಾಳಿ ನೂಕುವ ಫ್ಯಾನು ಹೊರಗೆಳೆಯುವುದಕ್ಕಿಂತ ಒಂದು ಹೆಚ್ಚಿರಲಿ, ಅವುಗಳ ಬಾಯಿಗೆ ಜಾಳಿಗೆ ಇರಲಿ, ಸುಗ್ಗಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಲಿ.

ಏರಿಸಿದರೂ ಇಳಿಸಿದರೂ ಸೆಟ್ಟಿಂಗು ನಿಂತಿತೆನ್ನಲು ಪರೀಕ್ಷೆ ಬೇಕು. ಓವರ್‌ಕ್ಲಾಕ್ ಮಾಡುವವರು ನೆಚ್ಚುವ ‘ಪ್ರೈಮ್95’ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಸಾಮೂಹಿಕ ಯೋಜನೆಯ ತಂತ್ರಾಂಶ ಅದು. ಉತ್ತರ ಮೊದಲೇ ಗೊತ್ತಿರುವ ಭಾರಿ ಲೆಕ್ಕಗಳನ್ನು ಕೊಟ್ಟು, ಒಂದಂಕಿ ತಪ್ಪಿದರೂ ಆ ಕೋರನ್ನು ನಿಲ್ಲಿಸುತ್ತದೆ. ಇದನ್ನು ರಾತ್ರಿಯ ತಂಪಿನಲ್ಲಿ ಓಡಿಸಿ ಪಾಸಾಯಿತೆಂದು ಮಲಗುವುದು ಈ ಭಾಗದಲ್ಲಿ ಸಾಲದು. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ, ಕ್ಯಾಬಿನೆಟ್ಟಿನ ಬಾಗಿಲು ಹಾಕಿಟ್ಟು ಓಡಿಸಬೇಕು.

ದಾಖಲೆಗಳ ಲೋಕ ಬೇರೆಯೇ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಚಿಪ್ಪು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ಸೇರಿತು. 9 ಗಿಗಾಹರ್ಟ್ಸ್‌ನ ಗಡಿ ಮೊದಲು ದಾಟಿದ್ದು ಇಂಟೆಲ್ ಐ9 13900ಕೆ. ಎರಡಕ್ಕೂ ಸುರಿದದ್ದು ಸೊನ್ನೆಗಿಂತ 269 ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಂ. ಕೆಲವು ಕ್ಷಣ ನಿಂತರೆ ಸಾಕಾಗುವ ಆ ಆಟದಿಂದ ಬೋರ್ಡು ತಯಾರಿಸುವವರು ಕಲಿತದ್ದು ಬಹಳ. ಸ್ಟುಡಿಯೊಗೆ ಬೇಕಾದದ್ದು ಎಂಟು ಗಂಟೆ ನಿಲ್ಲುವ ವೇಗ.

ಈಗ ಈ ಕಸುಬಿನವರನ್ನು ಕಾಡುತ್ತಿರುವುದು ರ‍್ಯಾಮ್ ದರ. ಎಐ ಡೇಟಾ ಕೇಂದ್ರಗಳ ಹಸಿವಿನಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದು ಜಿಗಿಯಿತು. ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನಲ್ಲಿ ಜನರಿಗೆ ನೇರ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಸಾರಿತು. ಹೊಸದಾಗಿ ಕಟ್ಟುವ ಯೋಚನೆಯಲ್ಲಿದ್ದವರು ಹಳೆಯ ಡಿಡಿಆರ್4 ಯಂತ್ರಗಳ ಕಡೆ ತಿರುಗಿ ನೋಡುವುದು ಜಾಣತನ. 2018ರ ಬಿ450 ಬೋರ್ಡು, ಅದರಲ್ಲಿರುವ ರ‍್ಯಾಮು ಹಾಗೇ ಇರಲಿ. ಪ್ರೊಸೆಸರು ಮಾತ್ರ ಬದಲಿಸಿ ಎಂಟು ಕೋರುಗಳ, 65 ವ್ಯಾಟಿನ ರೈಝನ್ 7 5700ಎಕ್ಸ್ ಕೂರಿಸಬಹುದು. ಇಲ್ಲಿನ ಬಿಸಿಲಿಗೆ ಅದು ಹೇಳಿಮಾಡಿಸಿದ ಚಿಪ್ಪು. ಹಳೆಯ ಪ್ರೊಸೆಸರು ಬೋರ್ಡಿನಲ್ಲಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಮಾಡುವಾಗ ಯುಪಿಎಸ್ ಬ್ಯಾಟರಿ ತುಂಬಿರಬೇಕು, ಕರೆಂಟು ಕೈಕೊಡುವ ಹೊತ್ತನ್ನು ತಪ್ಪಿಸಬೇಕು. ಬರೆಯುತ್ತಿರುವಾಗ ನಡುವೆ ಆಫ್ ಆದರೆ ಆ ಬೋರ್ಡನ್ನು ಬದುಕಿಸಲು ಬಯಾಸ್ ಚಿಪ್ಪಿಗೆ ಪ್ರೋಗ್ರಾಮರ್ ಹಚ್ಚಬಲ್ಲ ರಿಪೇರಿಯವರನ್ನು ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಹುಡುಕಬೇಕಾಗುತ್ತದೆ.