ತಂತು ಅಲ್ಲಿಯೇ ಏಕೆ ಹರಿಯುತ್ತದೆ?

ಭಾರ ತೂಗಹಾಕಿದ ಹಗ್ಗವು ಎಲ್ಲಿ ಹರಿಯುವುದೆಂದು ಕೇಳಿದರೆ ಭೌತಶಾಸ್ತ್ರದ ವಿದ್ಯಾರ್ಥಿಯು ತಡಮಾಡದೆ ಉತ್ತರ ಕೊಡುವನು: ಎಳೆಗಳು ಎಲ್ಲಿ ಸವೆದಿವೆಯೋ ಅಲ್ಲಿ. ಒಂದೇ ಬಗೆಯ ನೂರು ಹಗ್ಗಗಳಲ್ಲಿ ಅರ್ಧದಷ್ಟು ಅದೇ ಒಂದು ಗೇಣಿನೊಳಗೆ ಹರಿದರಂತೂ ಅದನ್ನು ಆಕಸ್ಮಿಕವೆಂದು ನಾವಾರೂ ಒಪ್ಪುವುದಿಲ್ಲ. ಆ ಗೇಣಿನಲ್ಲಿ ಏನೋ ವಿಶೇಷವಿರಬೇಕೆಂದು ಹುಡುಕತೊಡಗುವೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳಬರ ಬಾಯಲ್ಲಿ ಅದು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್) 2006ರಿಂದ ಸಂಶೋಧನೆ ನಡೆಸುತ್ತ ಬಂದಿರುವ ಡಾ. ಸತೀಶ್ ರಾಘವನ್ ಅವರು ರಕ್ತದ ಕ್ಯಾನ್ಸರಿನ ಬಗೆಗೆ ಕೇಳಿದ ಪ್ರಶ್ನೆಯೂ ಇದೇ ಜಾತಿಯದು.

ರಕ್ತದಲ್ಲಿರುವ ಬಿಳಿಯ ಕಣಗಳು ಮಿತಿಮೀರಿ ಬೆಳೆದು ಅಸ್ಥಿಮಜ್ಜೆಯನ್ನೂ ರಕ್ತವನ್ನೂ ತುಂಬಿಕೊಂಡರೆ ಅದು ಲ್ಯೂಕೀಮಿಯಾ. ಕುತ್ತಿಗೆ, ಕಂಕುಳು ಮೊದಲಾದೆಡೆಯ ದುಗ್ಧಗ್ರಂಥಿಗಳಲ್ಲಿ ಗಂಟುಕಟ್ಟಿ ಬೆಳೆದರೆ ಲಿಂಫೋಮಾ. ಹುಬ್ಬಳ್ಳಿ-ಧಾರವಾಡಗಳ ನಡುವೆ ನವನಗರದಲ್ಲಿ ಇರುವ ಕ್ಯಾನ್ಸರ್ ಆಸ್ಪತ್ರೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಅಂಥಲ್ಲಿಗೆ ಬರುವ ರೋಗಿಯ ಮನೆಯವರು ಕೇಳುವ ಮೊದಲ ಮಾತು, "ಇವರಿಗೇ ಏಕೆ ಬಂತು?" ಎಂಬುದು. ಈ ಪ್ರಶ್ನೆಗೆ ವಿಜ್ಞಾನವು ಕೊಡಬಲ್ಲ ಉತ್ತರದ ಒಂದು ಭಾಗ ಜೀವಕೋಶದೊಳಗಿನ ತಂತುಗಳಲ್ಲಿದೆ.

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಎಂಬವರು ಒಂದು ಬಗೆಯ ಲ್ಯೂಕೀಮಿಯಾ ರೋಗಿಗಳ ಕೋಶಗಳಲ್ಲಿ ಒಂದು ವರ್ಣತಂತು ವಿಪರೀತ ಗಿಡ್ಡವಾಗಿರುವುದನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ ಎಂಬ ವಿದುಷಿಯು ಅದರ ಮರ್ಮವನ್ನು ಬಿಡಿಸಿದರು. 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿದ್ದವು. ಫಾಲಿಕ್ಯುಲರ್ ಎಂಬ ಬಗೆಯ ಲಿಂಫೋಮಾದಲ್ಲಿ ಈ ಅದಲುಬದಲು 14 ಮತ್ತು 18ನೆಯವುಗಳ ನಡುವೆ ನಡೆದಿರುತ್ತದೆ; ಹತ್ತು ರೋಗಿಗಳಲ್ಲಿ ಎಂಟು-ಒಂಬತ್ತು ಮಂದಿಯಲ್ಲಿ ಇದು ಕಾಣುವುದು. ಪರಿಣಾಮವಾಗಿ 18ರಲ್ಲಿರುವ ಬಿ.ಸಿ.ಎಲ್.-2 ಎಂಬ ಜೀನು ತನ್ನದಲ್ಲದ ನೆರೆಯಲ್ಲಿ ಬಂದು ಕುಳಿತು ಎಡೆಬಿಡದೆ ದುಡಿಯತೊಡಗುತ್ತದೆ. ಇದರ ಕೆಲಸ ಕೋಶವನ್ನು ಸಾಯಗೊಡದಿರುವುದೆಂದು 1988ರಲ್ಲಿ ತಿಳಿದುಬಂತು. ಸಾಯಬೇಕಾದ ಕೋಶಗಳು ಸಾಯದೆ ಉಳಿದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಈಗ ಅಳತೆಯ ಮಾತು. 18ನೆಯ ವರ್ಣತಂತುವಿನಲ್ಲಿ ಡಿ.ಎನ್.ಎ. ಲಿಪಿಯ ಸುಮಾರು 8 ಕೋಟಿ ಅಕ್ಷರಗಳಿವೆ. ಪೂರ್ತಿ ಬಿಡಿಸಿ ಹಿಡಿದರೂ ಅದರ ಉದ್ದ 3 ಸೆಂಟಿಮೀಟರಿಗಿಂತ ಕಡಿಮೆ. ಅದನ್ನು ಹಿಗ್ಗಿಸಿ, ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಸುಮಾರು 20 ಕಿಲೋಮೀಟರ್ ಹಾದಿಯ ಮೇಲೆ ಹಾಸಿದೆವೆಂದು ಭಾವಿಸೋಣ. ಆಗ ಒಂದು ಅಕ್ಷರಕ್ಕೆ ಕಾಲು ಮಿಲಿಮೀಟರ್ ದೊರೆಯುವುದು, ಬಿ.ಸಿ.ಎಲ್.-2 ಜೀನು ಐವತ್ತು ಮೀಟರಿನಷ್ಟು ಜಾಗ ಹಿಡಿಯುವುದು. ರೋಗಿಗಳಲ್ಲಿ ಈ ತಂತು ಹರಿದ ಸ್ಥಳಗಳನ್ನು ಗುರುತು ಮಾಡುತ್ತ ಹೋದರೆ, ಅವುಗಳಲ್ಲಿ ಅರ್ಧದಷ್ಟಾದರೂ ಕೇವಲ 150 ಅಕ್ಷರಗಳ ಒಂದು ತುಣುಕಿನೊಳಗೆ ಬರುತ್ತವೆ. ನಮ್ಮ ಹಾದಿಯ ಮೇಲೆ ಅದು ನಾಲ್ಕು ಸೆಂಟಿಮೀಟರೂ ಇಲ್ಲ! ಇಪ್ಪತ್ತು ಕಿಲೋಮೀಟರಿನಲ್ಲಿ ಅಲ್ಲಿಯೇ ಏಕೆ?

ಇನ್ನೊಂದು ಸಂಗತಿಯನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ರೋಗನಿರೋಧಕ ಕೋಶಗಳು ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳನ್ನು ತಯಾರಿಸಬೇಕು. ಅದಕ್ಕಾಗಿ ಅವು ತಮ್ಮ ಡಿ.ಎನ್.ಎ.ಯನ್ನು ತಾವೇ ಕತ್ತರಿಸಿ, ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತವೆ. ಈ ಆಶ್ಚರ್ಯಕರ ವ್ಯವಸ್ಥೆಯನ್ನು ಬೆಳಕಿಗೆ ತಂದ ಜಪಾನಿನ ತೊನೆಗಾವಾ ಅವರಿಗೆ 1987ರ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತರಿಯ ಕೆಲಸ ಮಾಡುವ ಪ್ರೋಟೀನಿಗೆ 'ರ್ಯಾಗ್' ಎಂದು ಹೆಸರು. ಅದು ಗೊತ್ತಾದ ಅಕ್ಷರಮಾಲೆಯನ್ನು ಓದಿ, ಅದರ ಬದಿಯಲ್ಲಿಯೇ ಕತ್ತರಿಸುವುದು. 14ನೆಯ ವರ್ಣತಂತುವಿನಲ್ಲಿ ಅದಕ್ಕೆ ಹಕ್ಕಿನ ಕೆಲಸವಿದೆ. ಆದರೆ 18ರ ಆ ನಾಲ್ಕು ಸೆಂಟಿಮೀಟರಿನಲ್ಲಿ ರ್ಯಾಗ್ ಓದಬಲ್ಲ ಅಕ್ಷರಮಾಲೆಯೇ ಇಲ್ಲ. ಒಗಟು ಇರುವುದು ಇಲ್ಲಿಯೇ.

ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ರಾಘವನ್ ಅವರು ಮುಂದೆ ಲಾಸ್ ಏಂಜಲೀಸಿನಲ್ಲಿ ಮೈಕೇಲ್ ಲೀಬರ್ ಅವರ ಪ್ರಯೋಗಶಾಲೆಯಲ್ಲಿ ಈ ಒಗಟನ್ನು ಕೈಗೆತ್ತಿಕೊಂಡರು. ಸೋಡಿಯಂ ಬೈಸಲ್ಫೈಟ್ ಎಂಬ ರಾಸಾಯನಿಕವುಂಟು. ಡಿ.ಎನ್.ಎ.ಯ ಎರಡು ಎಳೆಗಳು ಹುರಿಗೊಂಡಿರುವಲ್ಲಿ ಅದು 'ಸಿ' ಅಕ್ಷರವನ್ನು ಮುಟ್ಟದು. ಎಳೆ ಒಂಟಿಯಾಗಿರುವಲ್ಲಿ ಮಾತ್ರ ಬದಲಿಸಿಬಿಡುವುದು. ಮಾನವ ಕೋಶಗಳ ಡಿ.ಎನ್.ಎ.ಗೆ ಇದನ್ನು ಬೆರೆಸಿದಾಗ, ಆ 150 ಅಕ್ಷರಗಳ ಭಾಗದಲ್ಲಿ ಹುರಿ ಬಿಚ್ಚಿಕೊಂಡಿರುವುದು ಕಂಡುಬಂತು. ಬಳಿಕ ಆ ತುಣುಕನ್ನು ಒಂದು ಚಿಕ್ಕ ಡಿ.ಎನ್.ಎ. ಬಳೆಯಲ್ಲಿ ಸೇರಿಸಿ ಕೋಶಗಳೊಳಗೆ ಕಳಿಸಿದರು. ಅಲ್ಲಿಯೂ ಅದು ಅದೇ ಸ್ಥಳದಲ್ಲಿಯೇ ಕಡಿಯಿತು. ಕೆಲವೇ ಅಕ್ಷರಗಳನ್ನು ಬದಲಿಸಿ ಆ ವಿಚಿತ್ರ ಆಕಾರವನ್ನು ಕೆಡಿಸಿದಾಗ ಕಡಿತವೂ ತಗ್ಗಿತು. ಅಂದರೆ ರ್ಯಾಗ್ ಇಲ್ಲಿ ಅಕ್ಷರವನ್ನಲ್ಲ, ಆಕಾರವನ್ನು ನೋಡಿ ಕತ್ತರಿಸುತ್ತಿತ್ತು! 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆ ಆಕಾರ ಎಂಥದು? ಬೆಂಗಳೂರಿಗೆ ಬಂದ ಮೇಲೆ ಅವರ ತಂಡವು, ಅಲ್ಲಿ ನಾಲ್ಕು ನಾಲ್ಕು 'ಜಿ' ಅಕ್ಷರಗಳು ಚೌಕದ ಮಣೆಗಳಂತೆ ಕೂಡಿ ಒಂದರ ಮೇಲೊಂದು ಅಡರಬಲ್ಲವೆಂದು 2011ರಲ್ಲಿ ತೋರಿಸಿತು. ಈ ಕೆಲಸದಲ್ಲಿ ಪರಮಾಣುಬೀಜಗಳ ಕಾಂತೀಯ ಅನುರಣನವನ್ನು ಬಳಸಲಾಯಿತು. ಅದರ ತಜ್ಞರಾದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ರಾಮಕೃಷ್ಣ ಹೊಸೂರ ಅವರೂ ಪಾಲುಗಾರರು. ಭೌತಶಾಸ್ತ್ರದವರಾದ ನಮಗೆ ಇಲ್ಲಿ ಕೊಂಚ ಅಭಿಮಾನವೆನಿಸಿದರೆ ವಾಚಕರು ಕ್ಷಮಿಸಬೇಕು. ಎಲ್ಲರೂ ಈ ವಿವರಣೆಯೊಂದನ್ನೇ ಒಪ್ಪಿದ್ದಾರೆಂದಲ್ಲ. ಲೀಬರ್ ಅವರ ತಂಡವೇ 2008ರಲ್ಲಿ ರ್ಯಾಗ್ ಜೊತೆಗೆ ಇನ್ನೊಂದು ಕಿಣ್ವದ ಕೈವಾಡವನ್ನೂ ಸೂಚಿಸಿತು. ಲ್ಯೂಕೀಮಿಯಾದಲ್ಲಿಯಾದರೋ ತಪ್ಪಿನ ರೀತಿ ಬೇರೆ ಇರಬಹುದು. ಮಕ್ಕಳಿಗೆ ಬರುವ ಟಿ-ಕೋಶದ ಲ್ಯೂಕೀಮಿಯಾಗಳಲ್ಲಿ ಕೆಲವು ಕಡೆ, ರ್ಯಾಗ್ ತನ್ನ ಗುರುತನ್ನೇ ಹೋಲುವ ಅಕ್ಷರಗಳಿಗೆ ಮೋಸಹೋಗಿ ಕತ್ತರಿಸಿರುತ್ತದೆ.

ಹರಿದ ತಂತುವೇ ರೋಗವೆಂದು ಮಾತ್ರ ತಿಳಿಯಬಾರದು. ರಾಘವನ್ ಅವರ ಪ್ರಯೋಗಶಾಲೆಯು 2010ರಲ್ಲಿ ಆರೋಗ್ಯವಂತ ಭಾರತೀಯರ ರಕ್ತವನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಬ್ಬರಲ್ಲಿ 14-18ರ ಅದಲುಬದಲಾದ ಕೋಶಗಳು ಅಲ್ಪ ಪ್ರಮಾಣದಲ್ಲಿ ಸಿಕ್ಕವು. ಈ ಲೇಖನವನ್ನು ಓದುತ್ತಿರುವವರಲ್ಲಿಯೂ ಕೆಲವರಲ್ಲಿ ಅವು ಇದ್ದಾವು. ಅವರಲ್ಲಿ ಬಹುತೇಕ ಯಾರಿಗೂ ಎಂದೂ ಲಿಂಫೋಮಾ ಬರಲಾರದು. ರೋಗ ಹುಟ್ಟಲು ಅದೇ ಕೋಶದಲ್ಲಿ ಮತ್ತೆ ಕೆಲವು ಕೆಡುಕುಗಳು ಕೂಡಿಬರಬೇಕು. ಈ ಕಡಿತವು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಮಜ್ಜೆಯ ಒಂದು ಕೋಶದಲ್ಲಿ ನಡೆದದ್ದು. ಮನೆಯವರ ಪ್ರಶ್ನೆಗೆ ಇಷ್ಟು ಉತ್ತರವಂತೂ ನಿಶ್ಚಿತ.

ಕಾರಣ ತಿಳಿದರೆ ಔಷಧವೂ ದೊರೆಯಬಹುದೆಂಬುದಕ್ಕೆ ಫಿಲಡೆಲ್ಫಿಯಾದ ಆ ಗಿಡ್ಡ ತಂತುವೇ ಸಾಕ್ಷಿ. ಅದರಿಂದ ಹುಟ್ಟುವ ವಿಕೃತ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಗುಳಿಗೆಯು 2001ರಲ್ಲಿ ಬಳಕೆಗೆ ಬಂದು ಆ ಲ್ಯೂಕೀಮಿಯಾದ ರೋಗಿಗಳ ಆಯುಷ್ಯವನ್ನೇ ಬದಲಿಸಿತು. ರಾಘವನ್ ಅವರ ತಂಡ ಹಿಡಿದ ದಾರಿ ಬೇರೆ. ಕತ್ತರಿಯನ್ನು ಬಿಟ್ಟು ಅಂಟನ್ನು ತಡೆದರೆ ಹೇಗೆ? ವಿಕಿರಣವೂ ಹಲವು ಕ್ಯಾನ್ಸರ್ ಔಷಧಗಳೂ ಡಿ.ಎನ್.ಎ.ಯನ್ನು ತುಂಡರಿಸಿಯೇ ಕೋಶಗಳನ್ನು ಕೊಲ್ಲುತ್ತವೆ. ತುಂಡುಗಳನ್ನು ಮತ್ತೆ ಬೆಸೆದುಕೊಂಡ ಕೋಶ ಬದುಕುತ್ತದೆ. ಆ ಬೆಸುಗೆಯ ಕಿಣ್ವವಾದ ಲಿಗೇಸ್-4ನ್ನು ತಡೆಯುವುದೆಂದು ಎಸ್.ಸಿ.ಆರ್.-7 ಎಂಬ ಅಣುವನ್ನು ಅವರು 2012ರಲ್ಲಿ 'ಸೆಲ್' ಪತ್ರಿಕೆಯಲ್ಲಿ ವರದಿ ಮಾಡಿದರು. ಇಲಿಗಳಲ್ಲಿ ಗಂತಿಗಳ ಬೆಳವಣಿಗೆ ಕುಂದಿತ್ತು. ಮರುವರ್ಷ ಅವರಿಗೆ ಶಾಂತಿಸ್ವರೂಪ ಭಟ್ನಾಗರ ಪಾರಿತೋಷಕ ಬಂದಿತು. 2016ರಲ್ಲಿ ಬೇರೊಂದು ತಂಡವು, ಈ ಅಣು ಲಿಗೇಸ್-4ನ್ನೇ ಆಯ್ದು ತಡೆಯುವುದೆಂಬ ಮಾತನ್ನು ಪ್ರಶ್ನಿಸಿತು. ಜೀನುಗಳನ್ನು ತಿದ್ದುವ ಪ್ರಯೋಗಗಳಲ್ಲಿ ಅದನ್ನು ಹಲವರು ಬಳಸಿದ್ದಾರೆ. ರೋಗಿಗಳಿಗೆ ಕೊಡುವ ಔಷಧವಾಗಿ ಅದು ಇನ್ನೂ ಬಂದಿಲ್ಲ.