ಮೀನುಗಾರಿಕೆಗೆ ನೀರೊಳಗಿನ ಕ್ಯಾಮೆರಾ: ಕೊಳ್ಳುವ ಮೊದಲು ಬಿಳಿ ತಟ್ಟೆ ಇಳಿಸಿ ನೋಡಿ



ಮಂಡ್ಯ ಜಿಲ್ಲೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಕರಾವಳಿಯ ಧರ್ಮಭಗಿನಿಯೊಬ್ಬರು ಈಚೆಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರು. "ಫಾದರ್, ಇಲ್ಲಿ ಕೆರೆಯಲ್ಲಿ ಮೀನು ಹಿಡಿಯುವ ಗುಂಪಿನವರು ನೀರೊಳಗೆ ಇಳಿಸುವ ಕ್ಯಾಮೆರಾ ತರಬೇಕು ಅನ್ನುತ್ತಿದ್ದಾರೆ. ಅವರ ಉಳಿತಾಯದ ಹಣ. ನೀವು ಕಡಲ ಕಡೆಯವರು, ಯಾವುದು ಒಳ್ಳೆಯದು ಹೇಳಿ."

ಯಾತಕ್ಕೆ ಬೇಕಂತೆ ಎಂದು ಕೇಳಿದೆ. ಮೀನು ಎಲ್ಲಿದೆ ಎಂದು ನೋಡಲಿಕ್ಕೆ ಎಂದರು. ಸ್ವಲ್ಪ ತಡೆದು, "ಬಲೆ ಕೆಳಗೆ ಸಿಕ್ಕಿಕೊಂಡರೆ ಹುಡುಗರು ಮುಳುಗಿ ಬಿಡಿಸುತ್ತಾರೆ, ನನಗೆ ಅದೇ ಭಯ" ಎಂದೂ ಸೇರಿಸಿದರು.

ಈ ಎರಡು ಕಾರಣಗಳು ಬೇರೆ ಬೇರೆ. ಮೊದಲನೆಯದಕ್ಕೆ ಅಲ್ಲಿಯ ಕೆರೆಗಳಲ್ಲಿ ಕ್ಯಾಮೆರಾದಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನೆಯದಕ್ಕೆ ಅದು ಒಂದು ಜೀವ ಉಳಿಸಬಹುದು. ತಿಳಿದವರನ್ನು ವಿಚಾರಿಸಿ, ಓದಿ ತಿಳಿದುಕೊಂಡದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಯ ನೀರು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಮದ್ದೂರಿನ ಮಗ್ಗುಲಲ್ಲಿ ಶಿಂಷಾ ನದಿ ಹರಿಯುತ್ತದೆ. ಊರೂರಿಗೂ ಕೆರೆಯಿದೆ. ಈ ಕೆರೆಗಳಲ್ಲಿ ಬಿಡುವ ಮೀನುಗಳಲ್ಲಿ ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ.

ಮೀನು ಚೆನ್ನಾಗಿ ಬೆಳೆಯುವ ಕೆರೆಯ ನೀರು ತುಸು ಹಸಿರಾಗಿರುತ್ತದೆ. ಆ ಹಸಿರು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಮೀನಿನ ಆಹಾರದ ಮೂಲವೇ ಅದು. ಆದರೆ ಅದೇ ಪಾಚಿ ಕ್ಯಾಮೆರಾದ ಕಣ್ಣಿಗೆ ಪರದೆ. ಮಳೆಗಾಲದಲ್ಲಿ ಇದರ ಜೊತೆಗೆ ಕೆಮ್ಮಣ್ಣು ಸೇರುತ್ತದೆ. ಕ್ಯಾಮೆರಾ ಎಷ್ಟೇ ಬೆಲೆಯದ್ದಾದರೂ ಕೆಸರಿನ ಆಚೆ ಏನಿದೆಯೆಂದು ತೋರಿಸಲಾರದು. ಜಾಹೀರಾತಿನ ಚಿತ್ರಗಳನ್ನು ಸಾಮಾನ್ಯವಾಗಿ ತಿಳಿನೀರಿನಲ್ಲಿ ತೆಗೆದಿರುತ್ತಾರೆ ಎಂಬುದನ್ನು ಮರೆಯಬಾರದು.

ಒಬ್ಬ ಗುರುವಿನ ಬಿಳಿ ತಟ್ಟೆ

ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ವಿಧಾನವನ್ನು ಬಳಕೆಗೆ ತಂದವರು ಒಬ್ಬ ಧರ್ಮಗುರು ಎಂದರೆ ಓದುಗರಿಗೆ ಸಂತೋಷವಾದೀತು. ಅವರು ಯೇಸುಸಭೆಯ ಗುರು, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ. 1865ರಲ್ಲಿ ಜಗದ್ಗುರುಗಳ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ, ಬಿಳಿ ಬಿಲ್ಲೆಗಳನ್ನು ಹಗ್ಗದಲ್ಲಿ ಇಳಿಸಿ, ಯಾವ ಆಳದಲ್ಲಿ ಕಣ್ಮರೆಯಾಗುತ್ತವೆ ಎಂದು ಅವರು ಗುರುತು ಮಾಡಿಕೊಂಡರು. ಇಂದಿಗೂ ವಿಜ್ಞಾನಿಗಳು ಇದನ್ನು ಸೆಕ್ಕಿ ಬಿಲ್ಲೆ ಎಂದೇ ಕರೆಯುತ್ತಾರೆ. ಕೆರೆಗಳಲ್ಲಿ ಸಾಮಾನ್ಯವಾಗಿ 20 ಸೆಂಟಿಮೀಟರ್ ಅಗಲದ ಬಿಲ್ಲೆ ಬಳಸುತ್ತಾರೆ.

ನಿಮಗೆ ಒಂದು ಬಿಳಿ ತಟ್ಟೆ ಸಾಕು. ಕೆಳಗೆ ಒಂದು ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿದ ಹಗ್ಗದಲ್ಲಿ, ನಡು ಹಗಲಿನಲ್ಲಿ ತೆಪ್ಪದ ನೆರಳು ಬೀಳುವ ಕಡೆ ಇಳಿಸಿ. ಕಾಣದಂತಾಗುವ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಾಣಿಸುವ ಆಳವನ್ನೂ ಬರೆದುಕೊಂಡು ಎರಡರ ಸರಾಸರಿ ತೆಗೆಯಿರಿ. ಗೆಂಡೆ ಮೀನು ಸಾಕುವ ಕೊಳದಲ್ಲಿ ಇದು 30ರಿಂದ 40 ಸೆಂಟಿಮೀಟರ್ ಇದ್ದರೆ ನೀರು ಚೆನ್ನಾಗಿದೆ ಎನ್ನುತ್ತಾರೆ. ಮೀನಿಗೆ ಚೆನ್ನಾದ ಆ ನೀರಿನಲ್ಲಿ ಕ್ಯಾಮೆರಾಕ್ಕೆ ಕಾಣುವುದು ಹೆಚ್ಚೆಂದರೆ ಒಂದೆರಡು ಅಡಿ.

ಮೀನು ಅಷ್ಟು ಹತ್ತಿರಕ್ಕೆ ಬಂದು ನಿಲ್ಲುವುದಿಲ್ಲ. ಆದರೆ ಬಲೆ ಸಿಕ್ಕಿಕೊಂಡ ಜಾಲಿಯ ಬುಡ, ಕಲ್ಲು, ಹಳೆಯ ತಂತಿ ಅಲ್ಲೇ ಇರುತ್ತವೆ. ಕ್ಯಾಮೆರಾವನ್ನು ಅವುಗಳ ಪಕ್ಕಕ್ಕೇ ಒಯ್ಯಬಹುದು. ಒಂದಡಿ ಕಂಡರೂ ಕೆಲಸವಾಗುತ್ತದೆ. ತಟ್ಟೆ ಅರ್ಧ ಅಡಿಯಲ್ಲೇ ಮರೆಯಾದರೆ ಮಾತ್ರ ಕ್ಯಾಮೆರಾದ ಆಸೆ ಬಿಡಿ. ಮೀನು ಹುಡುಕುವುದೇ ಉದ್ದೇಶವಾದರೆ ನಮ್ಮ ಕಡೆಯ ದೋಣಿಗಳಲ್ಲಿರುವ ಹಾಗೆ ಶಬ್ದದ ಅಲೆಯಿಂದ ಕೆಲಸ ಮಾಡುವ ಫಿಶ್ ಫೈಂಡರ್ ವಾಸಿ. ಕೆಸರು ನೀರು ಅದಕ್ಕೆ ಅಷ್ಟು ಅಡ್ಡಿಯಲ್ಲ.

ಯಾವ ಬಗೆಯದು?

1. ತಂತಿಯ ಕ್ಯಾಮೆರಾ: ಕ್ಯಾಮೆರಾ ನೀರಿನಲ್ಲಿ, ಪರದೆ ತೆಪ್ಪದಲ್ಲಿ, ನಡುವೆ ಉದ್ದದ ತಂತಿ. ಆಗಿಂದಾಗಲೇ ನೋಡಬಹುದು. ಬಲೆ ಬಿಡಿಸುವ ಕೆಲಸಕ್ಕೆ ಇದೇ ಸರಿ.

2. ಗೋಪ್ರೋದಂತಹ ಆಕ್ಷನ್ ಕ್ಯಾಮೆರಾ: ಚಿತ್ರ ಚೆನ್ನಾಗಿರುತ್ತದೆ. ಆದರೆ ವೈಫೈ ನೀರಿನೊಳಗೆ ಕೆಲವೇ ಅಂಗುಲ ದಾಟುತ್ತದೆ. ಆದ್ದರಿಂದ ಕ್ಯಾಮೆರಾ ನೀರಿನಲ್ಲಿರುವಾಗ ಮೊಬೈಲಿನಲ್ಲಿ ನೋಡಲಾಗದು, ಮೇಲೆತ್ತಿದ ಮೇಲೆ ನೋಡಬೇಕು.

3. ಪೈಪಿನೊಳಗೆ ಬಿಡುವ ಸಣ್ಣ ಮೊಬೈಲ್ ಕ್ಯಾಮೆರಾ: ಅಗ್ಗ. ಆದರೆ ತಂತಿ ಗಟ್ಟಿಯಿರುವುದಿಲ್ಲ, ಕೆಲವೇ ಅಂಗುಲ ದೂರದ್ದಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಕೊಳ್ಳುವಾಗ ಗಮನಿಸಿ

ನೀರು ತಡೆಯುವ ಗುರುತು: ಐಪಿ 67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮಾತ್ರ. ಐಪಿ 68 ಎಂದಿದ್ದರೆ ಎಷ್ಟು ಮೀಟರ್, ಎಷ್ಟು ಹೊತ್ತು ಎಂದು ತಯಾರಕರು ಬರೆದಿರುವುದನ್ನು ಓದಿ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ.

ತಂತಿ: ನಿಮ್ಮ ಕೆರೆಯ ಆಳಕ್ಕಿಂತ ಸ್ವಲ್ಪ ಹೆಚ್ಚು ಉದ್ದವಿದ್ದರೆ ಸಾಕು. ಮೀಟರಿಗೊಂದು ಬಣ್ಣದ ಟೇಪು ಸುತ್ತಿ. ತಂತಿಯನ್ನೇ ಹಿಡಿದು ಎಳೆಯಬೇಡಿ. ಜೊತೆಗೆ ನೈಲಾನ್ ಹಗ್ಗ ಕಟ್ಟಿ, ಭಾರ ಅದರ ಮೇಲೆ ಬೀಳಲಿ. ಆಳ ಕಡಿಮೆಯಿದ್ದರೆ ಬಿದಿರಿನ ಗಳುವಿಗೆ ಕಟ್ಟುವುದು ಇನ್ನೂ ಒಳ್ಳೆಯದು.

ಬೆಳಕು: ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಕಣ್ಣಿಗೇ ಹೊಡೆಯುವಂತೆ, ಕದಡಿದ ನೀರಿನಲ್ಲಿ ಬಿಳಿ ದೀಪ ಹೆಚ್ಚಾದರೆ ಪರದೆ ಬೆಳ್ಳಗಾಗುತ್ತದೆ. ಬೆಳಕನ್ನು ಕಡಿಮೆ ಮಾಡುವ, ಆರಿಸುವ ಗುಂಡಿ ಇರಲಿ. ಇನ್‌ಫ್ರಾರೆಡ್ ದೀಪವನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಅದು ಹತ್ತಿರಕ್ಕೆ ಮಾತ್ರ.

ಪರದೆ: ಬಿಸಿಲಿನಲ್ಲಿ ಕಾಣುವುದೇ ಎಂದು ಅಂಗಡಿಯ ಹೊರಗೆ ತಂದು ನೋಡಿ. ನೆರಳು ಕೊಡುವ ಮರೆ ಇದ್ದರೆ ಅನುಕೂಲ.

ದುರಸ್ತಿ: ಬ್ಯಾಟರಿ, ಚಾರ್ಜರ್, ರಬ್ಬರ್ ರಿಂಗ್ ಬೇರೆಯಾಗಿ ಸಿಗುತ್ತವೆಯೇ ಎಂದು ಕೇಳಿ. ಬಳಸಿದ ಮೇಲೆ ತಿಳಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಇಡಬೇಕು.

ಮನೆಗೊಂದು ಬೇಡ. ಇಡೀ ಗುಂಪಿಗೆ ಒಂದು ಸಾಕು. ಯಾರ ಹತ್ತಿರ ಇರಬೇಕು, ಕೆಟ್ಟರೆ ಯಾರು ಖರ್ಚು ಕೊಡಬೇಕು ಎಂಬುದನ್ನು ಕೊಳ್ಳುವ ಮೊದಲೇ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಮನಸ್ತಾಪ ಬರುವುದಿಲ್ಲ.

ಎಲ್ಲೆಲ್ಲೂ ಇಳಿಸಬೇಡಿ

ಬೇರೆಯವರು ಗುತ್ತಿಗೆ ಹಿಡಿದ ಕೆರೆಗೆ ಕೈಹಾಕಬೇಡಿ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿ ಕಡೆಯ ಹೊಳೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮಕ್ಕೆ ಸೇರಿದೆ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಗಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಳ, ಬಲೆ, ಕ್ಯಾಮೆರಾ ಯಾವುದನ್ನೂ ಇಳಿಸಕೂಡದು.

ನಾಲೆಯ ದಂಡೆಯ ಮೇಲೆ ನಿಂತೂ ಈ ಪ್ರಯೋಗ ಬೇಡ. ಇಳಿಜಾರು ಜಾರುತ್ತದೆ, ಸೆಳೆತ ಹೆಚ್ಚು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಆ ಜಿಲ್ಲೆಯವರು ಮರೆತಿಲ್ಲ.

ಬಲೆ ಸಿಕ್ಕಿದಾಗ

ಮೊದಲು ತೆಪ್ಪವನ್ನು ಎದುರು ದಿಕ್ಕಿಗೆ ಒಯ್ದು ಮೆಲ್ಲನೆ ಎಳೆಯಿರಿ. ಬರದಿದ್ದರೆ ಬಲೆಯ ಹಗ್ಗದ ಗುಂಟ ಕ್ಯಾಮೆರಾ ಇಳಿಸಿ, ಯಾವುದಕ್ಕೆ, ಯಾವ ಬದಿಯಿಂದ ಸಿಕ್ಕಿದೆ ಎಂದು ನೋಡಿ. ಕೊಕ್ಕೆ ಕಟ್ಟಿದ ಗಳುವಿನಿಂದ ಬಿಡಿಸಲು ಪ್ರಯತ್ನಿಸಿ. ಆಗಲೂ ಬರದಿದ್ದರೆ ಅಷ್ಟು ಭಾಗ ಕತ್ತರಿಸಿ ಬಿಡಿ. ಜಾಗ ಗುರುತಿಟ್ಟುಕೊಂಡು ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆಯಿರಿ. ನೈಲಾನ್ ಬಲೆಯ ಕಣ್ಣಿಗೆ ಕಾಲು ಸಿಕ್ಕಿದರೆ ಎಂತಹ ಈಜುಗಾರನೂ ಮೇಲೆ ಬರುವುದು ಕಷ್ಟ. ಬಲೆಯನ್ನು ಮತ್ತೆ ಹೆಣೆಯಬಹುದು.

ಭಗಿನಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ತಟ್ಟೆ ಇಳಿಸಿ, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಆಮೇಲೆ ಗುಂಪಿನವರನ್ನು ಕೂರಿಸಿ, ಯಾರೂ ಬಲೆಗಾಗಿ ಮುಳುಗುವುದಿಲ್ಲ ಎಂದು ನಿರ್ಣಯ ಮಾಡಿಸಿ. ಆ ನಿರ್ಣಯಕ್ಕೆ ಸಹಾಯವಾಗುವುದಾದರೆ ಮಾತ್ರ ಕ್ಯಾಮೆರಾ ಕೊಳ್ಳಿ.

ಗಲಿಲೇಯ ಸರೋವರದಲ್ಲಿ ರಾತ್ರಿಯಿಡೀ ದುಡಿದೂ ಬರಿಗೈಯಲ್ಲಿದ್ದ ಪೇತ್ರ ಮತ್ತು ಸಂಗಡಿಗರನ್ನು ನಮ್ಮ ಸ್ವಾಮಿ ದಡದಲ್ಲಿ ಕಾದು ನಿಂತು ಬರಮಾಡಿಕೊಂಡರು, ಊಟ ಸಿದ್ಧಮಾಡಿಟ್ಟಿದ್ದರು. ಒಳನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ, ನೀರಿಗೆ ಹೋದ ಪ್ರತಿಯೊಬ್ಬರೂ ಹಾಗೆಯೇ ಸುರಕ್ಷಿತವಾಗಿ ದಡ ಸೇರಲಿ ಎಂದು ಪ್ರಾರ್ಥಿಸೋಣ.

- ಸಂಪಾದಕ