ಸಮ್ಮಟಿಗೆ ಎತ್ತುವವರು ಯಾರು?

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆಯನ್ನು ನಾವೆಲ್ಲರೂ ಬಳಸುತ್ತೇವೆ. ಆದರೆ ಬಡಿಯುವವರು ಯಾರು ಎಂದು ಕೇಳುವುದು ಕಡಿಮೆ. ಕುಲುಮೆಯ ಕೆಲಸ ಒಬ್ಬರಿಂದ ಸಾಗದು. ಒಬ್ಬರು ಇಕ್ಕಳದಲ್ಲಿ ಕೆಂಡದಂಥ ಕಬ್ಬಿಣ ಹಿಡಿದು, ಸಣ್ಣ ಸುತ್ತಿಗೆಯಿಂದ ಜಾಗ ತೋರಿಸಬೇಕು. ಇನ್ನೊಬ್ಬರು ಸಮ್ಮಟಿಗೆಯನ್ನು ತಲೆಯ ಮೇಲಕ್ಕೆತ್ತಿ ಅದೇ ಜಾಗಕ್ಕೆ ಹೊಡೆಯಬೇಕು. ಎಷ್ಟೋ ಕುಲುಮೆಗಳಲ್ಲಿ ಆ ಇನ್ನೊಬ್ಬರು ಮನೆಯ ಹೆಣ್ಣುಮಗಳೇ ಆಗಿರುತ್ತಾರೆ.

ಆದೋನಿ ಸೀಮೆಯ ಒಂದು ಹಳ್ಳಿಯ ಕಂಬಾರರ ಮನೆಯಿಂದ ನಮಗೆ ಕರೆ ಬಂದಿತ್ತು. ಮುಂಗಾರಿಗೆ ಇನ್ನೂ ಕೆಲವು ವಾರಗಳಿದ್ದವು. ಐ.ಟಿ.ಐ. ಕಲಿತ ಮಗ ತಾನೇ ಒಂದು ಪವರ್ ಹ್ಯಾಮರ್ ಕಟ್ಟಿದ್ದ. ಅದನ್ನು ಓಡಿಸಿ ತೋರಿಸಲು ಸುತ್ತಲಿನ ಊರುಗಳ ಕಂಬಾರರನ್ನು ಸೇರಿಸಿದ್ದ. ಬೇವಿನ ಮರದ ಕೆಳಗೆ ಹದಿನೈದು ಇಪ್ಪತ್ತು ಮಂದಿ ಕೂಡಿದ್ದರು. ಕನ್ನಡ, ತೆಲುಗು ಎರಡೂ ಒಂದೇ ಮಾತಿನಲ್ಲಿ ಬೆರೆಯುತ್ತಿದ್ದವು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು ಎಂಬುದನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಗುಜರಿಯಿಂದ ಹುಟ್ಟಿದ ಯಂತ್ರ

ಯಂತ್ರವನ್ನು ನೋಡಿದರೆ ಯಾರಿಗೂ ಬೆರಗಾಗುವಂತಿರಲಿಲ್ಲ. ಲಾರಿಯ ಹಳೆಯ ಪಟ್ಟಿ ಸ್ಪ್ರಿಂಗು, ಜಿನ್ನಿಂಗ್ ಮಿಲ್ಲಿನ ಗುಜರಿಯಲ್ಲಿ ಸಿಕ್ಕ ದಪ್ಪ ಶಾಫ್ಟಿನ ತುಂಡು, ಒಂದು ಮೋಟಾರು, ಒಂದು ಬೆಲ್ಟು. ಮೋಟಾರು ಗಾಲಿಯನ್ನು ತಿರುಗಿಸುತ್ತದೆ. ಗಾಲಿಯ ತಿರುಗಾಟವನ್ನು ಕ್ರ್ಯಾಂಕು ಮೇಲೆ ಕೆಳಗಿನ ಚಲನೆಯಾಗಿ ಬದಲಿಸುತ್ತದೆ. ಸ್ಪ್ರಿಂಗು ಬಾಗಿ ಚಿಮ್ಮಿ, ತುದಿಯಲ್ಲಿರುವ ಭಾರದ ಸುತ್ತಿಗೆಯನ್ನು ಕೆಳಕ್ಕೆ ಬಡಿಯುತ್ತದೆ. ಬೆಲ್ಟು ಸಾಮಾನ್ಯವಾಗಿ ಸಡಿಲವಾಗಿರುತ್ತದೆ. ಕಾಲಿನಿಂದ ಪೆಡಲನ್ನು ಒತ್ತಿದರೆ ಬಿಗಿಯಾಗುತ್ತದೆ. ಹಗುರಾಗಿ ಒತ್ತಿದರೆ ಮೆಲ್ಲನೆ, ಜೋರಾಗಿ ಒತ್ತಿದರೆ ಬಿರುಸಾಗಿ ಪೆಟ್ಟು ಬೀಳುತ್ತದೆ. ಮೇಲಿನ ಸುತ್ತಿಗೆಗಿಂತ ಕೆಳಗಿನ ಅಡಿಗಲ್ಲು ಹತ್ತು ಪಟ್ಟಾದರೂ ಭಾರವಿರಬೇಕು, ಇಲ್ಲವಾದರೆ ಪೆಟ್ಟಿನ ಬಲವೆಲ್ಲ ನೆಲಕ್ಕೆ ಹೋಗುತ್ತದೆ ಎಂದು ಹುಡುಗ ವಿವರಿಸಿದ.

ಮೊದಲ ಯತ್ನ ಕೆಟ್ಟಿತು. ಬೆಲ್ಟು ಜಾರಿತು. ಅದನ್ನು ಸರಿಪಡಿಸುವಷ್ಟರಲ್ಲಿ ಇಕ್ಕಳದಲ್ಲಿದ್ದ ಕುಳ ಮಬ್ಬುಗೆಂಪಾಯಿತು. ಆದರೂ ಹುಡುಗ ಪೆಡಲಿನ ಮೇಲೆ ಕಾಲಿಟ್ಟ. ಗುಂಪಿನಲ್ಲಿದ್ದ ಹಿರಿಯರೊಬ್ಬರು ಗದರಿದರು: “ಏ ತಮ್ಮಾ, ಬಣ್ಣ ನೋಡು! ಯಂತ್ರಕ್ಕೆ ಕಣ್ಣಿಲ್ಲ, ನಿನಗೂ ಇಲ್ಲೇನು?” ಆರಿದ ಕಬ್ಬಿಣಕ್ಕೆ ಅಂಥ ಪೆಟ್ಟು ಬಿದ್ದರೆ ಒಳಗೆ ಬಿರುಕು ಬಿಡಬಹುದು, ಇಕ್ಕಳದಿಂದ ಸಿಡಿದು ಯಾರಿಗಾದರೂ ತಗಲಬಹುದು. ಹುಡುಗ ತಲೆ ತಗ್ಗಿಸಿ ಕುಳವನ್ನು ಮತ್ತೆ ಬೆಂಕಿಗಿಟ್ಟ.

ಎರಡನೆಯ ಸಲ ಕುಳ ಕಿತ್ತಳೆ ಬಣ್ಣಕ್ಕೆ ಬಂದಾಗ ಹಿರಿಯರೇ ತಲೆಯಾಡಿಸಿದರು. ಧಡ್ ಧಡ್ ಎಂಬ ಸದ್ದಿಗೆ ನೆಲ ನಡುಗಿತು. ಕೈಯಿಂದಾದರೆ ಮೂರ್ನಾಲ್ಕು ಸಲ ಕಾಯಿಸಿ ಬಡಿಯಬೇಕಾದ ಮೊನೆ ಒಂದೇ ಕಾವಿನಲ್ಲಿ ಎಳೆದುಕೊಂಡು ಬಂತು. ಕೊನೆಗೆ ಮಕ್ಕಳ ಹಟಕ್ಕೆ ಅಡಿಗಲ್ಲಿನ ಮೇಲೆ ಒಂದು ಶೇಂಗಾಕಾಯಿ ಇಟ್ಟು, ಪೆಡಲನ್ನು ಸೋಕಿಸಿದಷ್ಟೇ ಒತ್ತಿದ. ಸಿಪ್ಪೆ ಒಡೆಯಿತು, ಬೀಜ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಳೆಯ ಕನಸು

ಆ ಶೇಂಗಾ ನಮಗೆ ಬೇರೊಂದು ಪ್ರದರ್ಶನವನ್ನು ನೆನಪಿಸಿತು. ದೊಡ್ಡ ಹಡಗೊಂದಕ್ಕೆ ಬೇಕಾದ ಭಾರೀ ಶಾಫ್ಟನ್ನು ಬಡಿಯಬಲ್ಲ ಸುತ್ತಿಗೆ ಎಲ್ಲಿಯೂ ಇಲ್ಲವೆಂದಾಗ, 1839ರಲ್ಲಿ ಜೇಮ್ಸ್ ನ್ಯಾಸ್ಮಿತ್ ಎಂಬ ಇಂಜಿನಿಯರು ಉಗಿ ಸುತ್ತಿಗೆಯ ಚಿತ್ರ ಬರೆದರು. ಅದು ಎಷ್ಟು ಹತೋಟಿಯಲ್ಲಿದೆ ಎಂದು ತೋರಿಸಲು ಗಾಜಿನ ಲೋಟದಲ್ಲಿಟ್ಟ ಮೊಟ್ಟೆಯನ್ನು, ಲೋಟ ಒಡೆಯದಂತೆ ಬಿರಿಸುತ್ತಿದ್ದರಂತೆ. ಅದಕ್ಕೂ ನೂರಾರು ವರ್ಷಗಳ ಹಿಂದೆ ಫ್ರಾನ್ಸಿನ ಫೊಂತನೆ ಮಠದ ಸನ್ಯಾಸಿಗಳು ಹರಿಯುವ ನೀರಿನಿಂದ ಸುತ್ತಿಗೆ ಎತ್ತಿಸುತ್ತಿದ್ದರು. ಆ ಹಳೆಯ ಕುಲುಮೆಯಲ್ಲಿ ಅಂಥ ಸುತ್ತಿಗೆಯನ್ನು 2008ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಮನುಷ್ಯನ ಭುಜದ ಭಾರವನ್ನು ಇಳಿಸಬೇಕೆಂಬ ಕನಸು ಅಷ್ಟು ಹಳೆಯದು.

ಕೆಲಸ ಕಸಿಯಿತೇ?

ಊಟಕ್ಕೆ ಕುಳಿತಾಗ ನಾವು ನೇರವಾಗಿಯೇ ಕೇಳಿದೆವು: “ಈ ಯಂತ್ರ ಯಾರ ಕೆಲಸವನ್ನಾದರೂ ಕಸಿಯುವುದಿಲ್ಲವೇ?” ಉತ್ತರ ಕೊಟ್ಟವರು ಹುಡುಗನ ತಾಯಿ. “ಕಸಿಯೋಕೆ ಯಾರಿದ್ದಾರೆ ಸ್ವಾಮಿ? ಸಮ್ಮಟಿಗೆ ಹೊಡೆಯೋ ಹುಡುಗರೆಲ್ಲ ಊರು ಬಿಟ್ಟು ಹೋದರು. ಇಪ್ಪತ್ತು ವರ್ಷದಿಂದ ನಾನೇ ಹೊಡೆದೀನಿ. ಈಗ ಈ ತೋಳು ತಲೆ ಬಾಚೋಕೂ ಏಳೋದಿಲ್ಲ.”

ನಮ್ಮ ಪ್ರಶ್ನೆಗೆ ನಾವೇ ನಾಚಿದೆವು. ಮಳೆ ಕೈಕೊಟ್ಟ ವರ್ಷ ಈ ಭಾಗದ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೋ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋಗುವುದು ಎಲ್ಲರಿಗೂ ತಿಳಿದಿದೆ. ಸುಗ್ಗಿಯಲ್ಲಿ ಕಂಬಾರರಿಗೆ ಕಾಳು ಅಳೆದು ಕೊಡುತ್ತಿದ್ದ ಆಯದ ಪದ್ಧತಿ ಸವೆದಿದೆ. ಟ್ರ್ಯಾಕ್ಟರು ಬಂದು ನೇಗಿಲ ಕೆಲಸ ಇಳಿದಿದೆ. ಕೈಗಳು ಮೊದಲೇ ಹೋಗಿದ್ದವು; ಯಂತ್ರ ಬಂದದ್ದು ಆಮೇಲೆ.

ಆದರೆ ಯಂತ್ರ ತುಂಬಿದ್ದು ಸಮ್ಮಟಿಗೆಯವರ ಜಾಗವನ್ನು ಮಾತ್ರ. ಬೆಂಕಿಯ ಬಣ್ಣ ಓದುವ ಕಣ್ಣು, ಯಾವಾಗ ನಿಲ್ಲಿಸಬೇಕೆಂಬ ಅರಿವು, ನೀರಿಗಿಳಿಸಿ ಹದ ಕೊಡುವ ಕೈ ಇವೆಲ್ಲ ಆ ಹಿರಿಯರ ಬಳಿಯೇ ಇವೆ. ಹುಡುಗ ಈಗಲೇ ಕೂತು ಕಲಿಯದಿದ್ದರೆ, ಮುಂದೆ ಮೋಟಾರು ಇದ್ದೂ ಕಂಬಾರ ಇರುವುದಿಲ್ಲ.

ಇಂಥ ಕುಟುಂಬಗಳು ನಿಮ್ಮ ಊರಿನಲ್ಲಿದ್ದರೆ ಒಂದು ವಿಷಯ ತಿಳಿಸಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಸೇರಿದೆ. ತರಬೇತಿಯ ದಿನಗಳಿಗೆ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಎರಡು ಕಂತುಗಳಲ್ಲಿ ಅಡಮಾನವಿಲ್ಲದ ಸಾಲ ಅದರಲ್ಲಿವೆ. ಯಂತ್ರ ಕೊಂಡವರಿಗೆ ಇನ್ನೊಂದು ಮಾತು: ಬೆಲ್ಟಿಗೆ ಮರೆ ಕಟ್ಟಿಸಿರಿ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಸೀರೆಯ ಸೆರಗು, ಪಂಚೆಯ ತುದಿ ಗಾಲಿಯ ಹತ್ತಿರ ಸುಳಿಯದಿರಲಿ.

ನಾವು ಹೊರಡುವಾಗ ಆ ತಾಯಿ ಹಳೆಯ ಸಮ್ಮಟಿಗೆಯನ್ನು ಎಡಗೈಯಿಂದ ಎಳೆದು ಗೋಡೆಗೆ ಒರಗಿಸುತ್ತಿದ್ದರು. ಮಗ ಓಡಿಬಂದು ಅದನ್ನು ತಾನೇ ಎತ್ತಿಟ್ಟ. ನಮ್ಮ ನಮ್ಮ ಮನೆಗಳಲ್ಲಿಯೂ ಯಾರೋ ಒಬ್ಬರು ವರ್ಷಗಳಿಂದ ಮಾತಿಲ್ಲದೆ ಸಮ್ಮಟಿಗೆ ಎತ್ತುತ್ತಿರಬಹುದು. ಅವರ ತೋಳು ನೋಯುತ್ತಿದೆಯೇ ಎಂದು ಇಂದು ಸಂಜೆಯೇ ಕೇಳೋಣ.